ಕಾರಿಗೆ ಪವರ್ ಬಂತು, ಟೈಮ್ ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು. ಪುಣೆಯ ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ನನ್ನದು 2018ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 68,000 ಕಿ.ಮೀ. ಓಡಿದೆ. ಕಂಪನಿಯಿಂದ ಬಂದ ಹಾಗೇ ಇದ್ದಾಗ ಲೋಣಾವಳಾ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನ ಡ್ರ್ಯಾಗ್ ಓಟದಲ್ಲಿ (ನಿಂತಲ್ಲಿಂದ ಹೊರಟು ನೇರ ಓಟ) ಕಾಲು ಮೈಲಿಗೆ 15.7 ಸೆಕೆಂಡ್ ಬಂದಿತ್ತು. ಕೊನೆಯ ಗೆರೆ ದಾಟುವಾಗ ವೇಗ 145 ಕಿ.ಮೀ. ಆಮೇಲೆ ಸ್ಟೇಜ್ 1 ರೀಮ್ಯಾಪ್ ಮಾಡಿಸಿದೆ, ಅಂದರೆ ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ (ಮ್ಯಾಪ್) ಬದಲಿಸಿ ಪವರ್ ಏರಿಸಿದೆ. ಪವರ್ 225 ಪಿಎಸ್, ಟಾರ್ಕ್ (ತಿರುಗಿಸುವ ಬಲ) 350 ಎನ್‌ಎಂ ಅಂತ ಡೈನೊ (ಪವರ್ ಅಳೆಯುವ ಯಂತ್ರ) ಶೀಟ್ ಕೊಟ್ಟರು. ಈ ಸಲ 15.2 ಬಂತು, ವೇಗ 155. ನನ್ನ ಜಿಪಿಎಸ್ ಡಬ್ಬಿಯ ಪ್ರಕಾರ ಮೊದಲ 60 ಅಡಿಗೆ ಮುಂಚೆ 2.45 ಸೆಕೆಂಡ್ ಆಗುತ್ತಿತ್ತು, ಈಗ 2.6 ಆಗುತ್ತಿದೆ. ಎರಡನೇ ಓಟಕ್ಕೆ ಟೈಮ್ 15.5ಕ್ಕೆ ಏರಿತು. ಮೂರನೇ ಓಟಕ್ಕೆ ಸಾಲಿನಲ್ಲಿ ನಿಂತಿದ್ದಾಗಲೇ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಸೂಚನೆ ಬಂತು, ವಾಪಸ್ ಬಂದೆ. 14 ಸೆಕೆಂಡಿನ ಒಳಗೆ ಬರಬೇಕೆಂಬ ಆಸೆ ಇದೆ. ದೊಡ್ಡ ಟರ್ಬೊ, ಡೌನ್‌ಪೈಪ್ ಹಾಕಿಸು ಅಂತ ಗೆಳೆಯರು ಹೇಳುತ್ತಾರೆ. ಗೋವಾದಲ್ಲಿ ಸಮುದ್ರ ಮಟ್ಟದಲ್ಲಿ ಓಡಿಸಿದರೆ ಇದೇ ಕಾರು ಅರ್ಧ ಸೆಕೆಂಡ್ ಬೇಗ ಹೋಗುತ್ತದೆ ಅಂತಲೂ ಒಬ್ಬರು ಹೇಳಿದರು. ಎರಡು ಲಕ್ಷ ಎತ್ತಿಟ್ಟಿದ್ದೇನೆ. ಆದರೆ ಇದೇ ಕಾರಿನಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಊರಿಗೆ ಹೋಗಬೇಕು. ಗೇರ್‌ಬಾಕ್ಸ್ ಹೋಗುತ್ತೇನೋ ಅಂತ ಭಯ. ಏನು ಮಾಡಲಿ?

ಉತ್ತರ: ನೀವು ಅಂಕಿಗಳನ್ನು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಭೋಸರಿಯ ಗ್ಯಾರೇಜಿಗೆ ಬರುವ ಹೆಚ್ಚಿನವರು "ಕಾರು ಎಳೀತಿಲ್ಲ ಸರ್" ಎಂದಷ್ಟೇ ಹೇಳುತ್ತಾರೆ. ನಿಮ್ಮ ಅಂಕಿಗಳಲ್ಲಿ ಅರ್ಧ ಉತ್ತರ ಆಗಲೇ ಇದೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳಿವೆ. ಖರ್ಚು ಮಾಡಿದಷ್ಟು ಟೈಮ್ ಯಾಕೆ ಬರಲಿಲ್ಲ ಎಂಬುದು ಒಂದು. ಇನ್ನೂ ಖರ್ಚು ಮಾಡಿದರೆ ಕಾರು ಉಳಿಯುತ್ತದಾ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಕಡೆ ಇದೆ, ಅದು ಎಂಜಿನ್‌ನಲ್ಲಿ ಇಲ್ಲ.

ಮೊದಲು ಕೊನೆಯ ವೇಗ ನೋಡೋಣ. ಇದನ್ನೇ ಟ್ರ್ಯಾಪ್ ಸ್ಪೀಡ್ ಅನ್ನುತ್ತೇವೆ. ಕಾಲು ಮೈಲಿ ಅಂದರೆ 402 ಮೀಟರ್. ಅದರ ಕೊನೆಯಲ್ಲಿ ಕಾರು ಎಷ್ಟು ವೇಗದಲ್ಲಿದೆ ಎಂಬುದು ಮುಖ್ಯವಾಗಿ ಪವರ್ ಮತ್ತು ತೂಕದ ಮೇಲೆ ನಿಂತಿದೆ. ಸ್ಟಾರ್ಟ್‌ನಲ್ಲಿ ಟೈರ್ ಜಾರಿದರೂ ಈ ವೇಗ ಅಷ್ಟೇನೂ ಕೆಡುವುದಿಲ್ಲ. ಪವರ್ ಈ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ ಎಂಬುದು ಡ್ರ್ಯಾಗ್‌ನವರ ಹಳೆಯ ಲೆಕ್ಕ. ನಿಮ್ಮ 155ನ್ನು 145ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ಘನ ಮಾಡಿ. 1.22 ಬರುತ್ತದೆ. ಅಂದರೆ ಶೇ. 22ರಷ್ಟು ಜಾಸ್ತಿ ಪವರ್. ಕಂಪನಿಯ 180 ಪಿಎಸ್‌ಗೆ ಅದನ್ನು ಸೇರಿಸಿದರೆ 220ರ ಹತ್ತಿರ. ನಿಮಗೆ ಕೊಟ್ಟ ಡೈನೊ ಶೀಟ್ ಸುಳ್ಳಲ್ಲ. ರೀಮ್ಯಾಪ್ ತನ್ನ ಕೆಲಸ ಮಾಡಿದೆ.

ಈಗ 60 ಅಡಿಯ ಟೈಮ್ ನೋಡಿ. 60 ಅಡಿ ಅಂದರೆ ಬರೀ 18 ಮೀಟರ್. ಅದು 2.45ರಿಂದ 2.6ಕ್ಕೆ ಹೋಗಿದೆ. ಪವರ್ ಏರಿತು, ಸ್ಟಾರ್ಟ್ ನಿಧಾನವಾಯಿತು. ಇಲ್ಲಿ ಕಳೆದುಕೊಂಡ ಸಮಯ ಅಲ್ಲಿಗೇ ಮುಗಿಯುವುದಿಲ್ಲ. ಮೊದಲ 60 ಅಡಿಯಲ್ಲಿ 0.1 ಸೆಕೆಂಡ್ ಹೋದರೆ ಕೊನೆಯ ಗೆರೆಯಲ್ಲಿ 0.15ರಿಂದ 0.2 ಸೆಕೆಂಡ್ ಹೋಗುತ್ತದೆ, ಯಾಕೆಂದರೆ ಮುಂದಿನ ಇಡೀ ದೂರವನ್ನು ಕಾರು ಕಡಿಮೆ ವೇಗದಿಂದ ಶುರು ಮಾಡುತ್ತದೆ. 155 ಕಿ.ಮೀ. ಟ್ರ್ಯಾಪ್ ಸ್ಪೀಡ್ ಇರುವ ಕಾರು ಸರಿಯಾಗಿ ಹೊರಟರೆ 14.5ರ ಆಸುಪಾಸು ಬರಬೇಕು. ನಿಮ್ಮ 0.7 ಸೆಕೆಂಡ್ ಹೋಗುತ್ತಿರುವುದು ಮೊದಲ ಕೆಲವೇ ಮೀಟರ್‌ಗಳಲ್ಲಿ. ಇದಕ್ಕೆ ದೊಡ್ಡ ಟರ್ಬೊ ಹಾಕಿದರೆ ಸ್ಟಾರ್ಟ್ ಇನ್ನೂ ಕೆಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು. ಜೋರಾಗಿ ಹೊರಟಾಗ ತೂಕ ಹಿಂದಕ್ಕೆ ವಾಲುತ್ತದೆ. ಆಕ್ಟೇವಿಯಾದ ತೂಕ, ಉದ್ದ, ಎತ್ತರ ಹಿಡಿದು ಲೆಕ್ಕ ಹಾಕಿದರೆ ಜೋರಾದ ಸ್ಟಾರ್ಟ್‌ನಲ್ಲಿ ಮುಂದಿನ ಟೈರ್‌ಗಳ ಮೇಲಿಂದ 100 ಕೆಜಿಗಿಂತ ಜಾಸ್ತಿ ಭಾರ ಹಿಂದಿನ ಟೈರ್‌ಗಳಿಗೆ ಹೋಗುತ್ತದೆ. ಹಿಡಿತ ಬೇಕಾದ ಕ್ಷಣದಲ್ಲೇ ಹಿಡಿತ ಕಡಿಮೆಯಾಗುತ್ತದೆ. ಇದರ ಜೊತೆ ಮೊದಲ ಗೇರ್ ಟಾರ್ಕನ್ನು ಹಲವು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ. ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಎಂಜಿನ್‌ನ 250 ಎನ್‌ಎಂ ಕೂಡ ಮೊದಲ ಗೇರಿನಲ್ಲಿ ಆ ಎರಡು ಟೈರ್ ತಡೆಯುವುದಕ್ಕಿಂತ ಬಹಳ ಜಾಸ್ತಿ. ಅದರ ಮೇಲೆ ಇನ್ನೂ 100 ಎನ್‌ಎಂ ಸೇರಿಸಿದರೆ ಅದೆಲ್ಲ ಹೊಗೆಯಾಗಿ ಹೋಗುತ್ತದೆ. ಆಮೇಲೆ ಟೈರ್ ಜಾರುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬಂದು ಪವರ್ ಕಿತ್ತುಕೊಳ್ಳುತ್ತದೆ. ಕಾರು ಒಂದು ಕ್ಷಣ ಮಲಗಿ ಎದ್ದ ಹಾಗೆ ಅನಿಸುತ್ತದೆ, ಅಲ್ವಾ? ಅದೇ ನಿಮ್ಮ 2.6.

ಇನ್ನು ಗೇರ್‌ಬಾಕ್ಸ್. ನಿಮ್ಮ ಭಯ ಸರಿಯಾದದ್ದು, ಆದರೆ ಕಾರಣ ತಿಳಿದರೆ ಅದನ್ನು ನಿಭಾಯಿಸಬಹುದು. ನಿಮ್ಮ ಕಾರಿನಲ್ಲಿರುವುದು ಡಿಕ್ಯೂ 200 ಎಂಬ ಡಿಎಸ್‌ಜಿ. ಅದರಲ್ಲಿ ಎರಡು ಒಣ ಕ್ಲಚ್‌ಗಳಿವೆ. ಕಂಪನಿ ಅದಕ್ಕೆ ಇಟ್ಟಿರುವ ಮಿತಿ 250 ಎನ್‌ಎಂ. ನಿಮ್ಮ ಎಂಜಿನ್‌ನ ಸ್ಟಾಕ್ ಟಾರ್ಕ್ ಕೂಡ 250 ಎನ್‌ಎಂ. ಇದು ಕಾಕತಾಳೀಯ ಅಲ್ಲ. ಅದೇ ಕಾಲದ ಸುಪರ್ಬ್ 1.8 ನೋಡಿ. ಎಂಜಿನ್ ಅದೇ ಬಗೆಯದು, 180 ಪಿಎಸ್. ಮ್ಯಾನುಯಲ್ ಗೇರ್ ಇದ್ದ ಸುಪರ್ಬ್‌ಗೆ ಕಂಪನಿಯೇ 320 ಎನ್‌ಎಂ ಕೊಟ್ಟಿತ್ತು. ಡಿಎಸ್‌ಜಿ ಇದ್ದ ಸುಪರ್ಬ್‌ಗೆ 250 ಮಾತ್ರ. ಎಂಜಿನ್‌ಗೆ ಶಕ್ತಿ ಇತ್ತು, ಗೇರ್‌ಬಾಕ್ಸ್ ಸಲುವಾಗಿ ಅದನ್ನು ಕಟ್ಟಿಹಾಕಿದ್ದರು. ನಿಮ್ಮ ರೀಮ್ಯಾಪ್ ಆ ಕಟ್ಟನ್ನು ಬಿಚ್ಚಿ 350ಕ್ಕೆ ಏರಿಸಿದೆ. ಮಿತಿಗಿಂತ ಶೇ. 40ರಷ್ಟು ಜಾಸ್ತಿ.

ಅಂದ ಮಾತ್ರಕ್ಕೆ ನಾಳೆಯೇ ಗೇರ್‌ಬಾಕ್ಸ್ ಒಡೆಯುತ್ತದೆ ಅಂತಲ್ಲ. ಕಂಪನಿಯವರು ಮಿತಿ ಇಡುವಾಗ ಸ್ವಲ್ಪ ಅಂಚು ಬಿಟ್ಟಿರುತ್ತಾರೆ. ರೀಮ್ಯಾಪ್ ಆಗಿ ವರ್ಷಗಟ್ಟಲೆ ಓಡುವ ಡಿಕ್ಯೂ 200 ಕಾರುಗಳು ನಮ್ಮಲ್ಲಿ ಸರ್ವಿಸ್‌ಗೆ ಬರುತ್ತವೆ. ಅವನ್ನು ಓಡಿಸುವವರು ಕಾಲು ಹಗುರ ಇಟ್ಟವರು. ಈ ಕ್ಲಚ್‌ಗೆ ದೊಡ್ಡ ಶತ್ರು ಬಿಸಿ. ಒದ್ದೆ ಕ್ಲಚ್ ಇರುವ ಡಿಎಸ್‌ಜಿಯಲ್ಲಿ ಆಯಿಲ್ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಣ ಕ್ಲಚ್‌ಗೆ ಆ ಅನುಕೂಲ ಇಲ್ಲ. ಬಿಸಿ ಸುತ್ತಲಿನ ಗಾಳಿಗೆ ಮತ್ತು ಲೋಹಕ್ಕೆ ನಿಧಾನವಾಗಿ ಹೋಗಬೇಕು. ಹಾಗಾಗಿ ಯಾರಾದರೂ ಗೇರ್‌ಬಾಕ್ಸ್ ಆಯಿಲ್ ಕೂಲರ್ ಹಾಕಿಸಿ ಅಂದರೆ ಬೇಡ ಅನ್ನಿ. ಆ ಆಯಿಲ್ ನಿಮ್ಮ ಕ್ಲಚ್ ತಟ್ಟೆಗಳನ್ನು ಮುಟ್ಟುವುದೇ ಇಲ್ಲ.

ನಿಮಗೆ ಮೂರನೇ ಓಟದ ಮುಂಚೆ, ಸಾಲಿನಲ್ಲೇ ಸೂಚನೆ ಬಂತು ಅಂದಿದ್ದೀರಿ. ಇದು ಬಹಳ ಮುಖ್ಯವಾದ ಸುಳಿವು. ಎರಡು ಲಾಂಚ್‌ಗಳು (ಜೋರಾದ ಸ್ಟಾರ್ಟ್‌ಗಳು) ಕ್ಲಚ್ಚನ್ನು ಬಿಸಿ ಮಾಡಿದ್ದವು, ನಿಜ. ಆದರೆ ಅದನ್ನು ಮಿತಿ ದಾಟಿಸಿದ್ದು ಸಾಲಿನಲ್ಲಿ ತೆವಳಿದ್ದು. ಮುಂದಿನ ಕಾರು ಎರಡು ಅಡಿ ಹೋದಾಗ ನೀವೂ ಬ್ರೇಕ್ ಸಡಿಲಿಸಿ ಎರಡು ಅಡಿ ಹೋಗುತ್ತೀರಿ. ಆಗ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಅರ್ಧ ಹಿಡಿದು ಉಜ್ಜುತ್ತದೆ. ವಾಕಡ್‌ನಿಂದ ಹಿಂಜವಡಿಗೆ ಬೆಳಿಗ್ಗೆ ಹೋಗುವಾಗ ದಿನವೂ ಇದೇ ಆಗುತ್ತಿದೆ. ನನ್ನ ಕೇಳಿದರೆ ನಿಮ್ಮ ಕ್ಲಚ್ ಡ್ರ್ಯಾಗ್ ಓಟಕ್ಕಿಂತ ಆ ಟ್ರಾಫಿಕ್‌ನಲ್ಲೇ ಜಾಸ್ತಿ ಸವೆದಿರಬಹುದು. ಮುಂದಿನ ಕಾರಿಗೆ ಎರಡು ಕಾರಿನಷ್ಟು ಜಾಗ ಬಿಡಿ, ಆಮೇಲೆ ಒಂದೇ ಸಲ ಸರಿಯಾಗಿ ಹೊರಡಿ. ಓಟದ ಸಾಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ. ನೆಲ ಸಮ ಇದ್ದರೆ ಗೆಳೆಯರಿಗೆ ಹೇಳಿ ಕಾರನ್ನು ಕೈಯಿಂದ ತಳ್ಳಿಸಿ. ನಾಚಿಕೆ ಬೇಡ, ಅನುಭವಿ ತಂಡಗಳು ಇದನ್ನು ಮಾಡುತ್ತವೆ.

ಬೇರೇನೂ ಮಾಡುವ ಮೊದಲು ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿರುವ ದಾಖಲೆ ಓದಿಸಿ. ಕ್ಲಚ್ ಎಷ್ಟು ಸವೆದಿದೆ, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಕೆಲಸ ಮಾಡಿದೆ ಎಂಬುದು ಅಲ್ಲಿ ಇರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ಬಳಸುವ ವಿಸಿಡಿಎಸ್ ತರಹದ ಸ್ಕ್ಯಾನರ್ ಇರುವ ಯಾವ ಒಳ್ಳೆಯ ಗ್ಯಾರೇಜ್ ಕೂಡ ಇದನ್ನು ನೋಡಬಲ್ಲದು. ಕ್ಲಚ್ ಸವೆತದ ಅಂಚಿಗೆ ಬಂದಿದ್ದರೆ ಈ ಉತ್ತರದ ಉಳಿದ ಭಾಗ ನಿಮಗೆ ಬೇಡ. ಮೊದಲು ಕ್ಲಚ್ ಹಾಕಿಸಿ, ಆಮೇಲೆ ಮುಂದಿನ ಮಾತು.

ಈಗ ಜನ ಹೇಳುವುದರಲ್ಲಿ ನಿಜ ಎಷ್ಟು ಅಂತ ನೋಡೋಣ.

ದೊಡ್ಡ ಟರ್ಬೊ ಬಗ್ಗೆ ಗೆಳೆಯರು ಹೇಳಿದ್ದು ಸುಳ್ಳಲ್ಲ. ಎಂಜಿನ್ ಮಟ್ಟಿಗೆ ಅದು ಕೆಲಸ ಮಾಡುತ್ತದೆ. ಇದೇ ಕುಟುಂಬದ 2 ಲೀಟರ್ ಎಂಜಿನ್‌ನ ಟರ್ಬೊವನ್ನು 1.8ಕ್ಕೆ ಕೂರಿಸುವವರು ಬಹಳ ಜನ ಇದ್ದಾರೆ. ಆದರೆ ಅದನ್ನು ತಡೆಯುವ ಗೇರ್‌ಬಾಕ್ಸ್ ನಿಮ್ಮಲ್ಲಿಲ್ಲ. ನಾನಾಗಿದ್ದರೆ ಡಿಕ್ಯೂ 200 ಇರುವ ಕಾರಿಗೆ ಈ ಕೆಲಸ ಒಪ್ಪುವುದಿಲ್ಲ, ಗಿರಾಕಿ ಎಷ್ಟು ಒತ್ತಾಯ ಮಾಡಿದರೂ.

ಡೌನ್‌ಪೈಪ್ ಅಂದರೆ ಟರ್ಬೊದ ಹಿಂದೆ ಹೊಗೆ ಹೋಗುವ ಮೊದಲ ಪೈಪ್. ಅದು ಅಗಲವಾದರೆ ಟರ್ಬೊಗೆ ನಿಜವಾಗಿ ಅನುಕೂಲ, ಮೇಲಿನ ಆರ್‌ಪಿಎಂನಲ್ಲಿ ಪವರ್ ಬರುತ್ತದೆ. ಆದರೆ ಅಗ್ಗದ ಡೌನ್‌ಪೈಪ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದಿಲ್ಲ. ಅದು ಕಾನೂನಿಗೆ ವಿರುದ್ಧ, ಪಿಯುಸಿಯಲ್ಲಿ ತೊಂದರೆ, ಕಾರಿನೊಳಗೆ ಮಗುವಿಗೆ ವಾಸನೆ. ಈ ಹಂತದಲ್ಲಿ ನಿಮಗೆ ಇದು ಬೇಕಾಗಿಲ್ಲ.

ಟರ್ಬೊದ ಹೆಚ್ಚಿನ ಗಾಳಿ ಹೊರಬಿಡುವ ಬ್ಲೋ ಆಫ್ ವಾಲ್ವ್ ಹಾಕಿದರೆ ಪಿಕಪ್ ಬರುತ್ತದೆ ಎಂಬುದು ಸುಳ್ಳು, ಶಬ್ದ ಮಾತ್ರ ಬರುತ್ತದೆ. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಹಾಕಿದರೆ ಸದ್ದು ಚೆನ್ನಾಗಿರುತ್ತದೆ, ಆದರೆ ಅದು ಎಂಜಿನ್ ಪಕ್ಕದ ಬಿಸಿ ಗಾಳಿ ಎಳೆಯುತ್ತದೆ. ಸಾಲಿನಲ್ಲಿ ಹತ್ತು ನಿಮಿಷ ನಿಂತ ಕಾರಿಗೆ ಇದು ನಷ್ಟವೇ. ಕಂಪನಿಯ ಏರ್‌ಬಾಕ್ಸ್ ಇರಲಿ, ಒಳಗಿನ ಫಿಲ್ಟರ್ ಹೊಸದಾಗಿರಲಿ.

100 ಆಕ್ಟೇನ್ ಪೆಟ್ರೋಲ್ ಬಗ್ಗೆ ಸ್ವಲ್ಪ ಗೊಂದಲ ಇದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಡಿಸೆಂಬರ್ 2020ರಲ್ಲಿ ಶುರುವಾದಾಗಲೇ ಪುಣೆಗೂ ಬಂದಿತ್ತು. ಆಕ್ಟೇನ್ ಜಾಸ್ತಿ ಅಂದರೆ ಪೆಟ್ರೋಲ್‌ನಲ್ಲಿ ಶಕ್ತಿ ಜಾಸ್ತಿ ಅಂತಲ್ಲ. ಒತ್ತಡ, ಬಿಸಿ ಏರಿದಾಗ ಅದು ತಾನಾಗಿ ಹೊತ್ತಿಕೊಳ್ಳದೆ ತಡೆಯುತ್ತದೆ ಅಂತ ಅರ್ಥ. ಹಾಗೆ ಅಕಾಲದಲ್ಲಿ ಹೊತ್ತಿಕೊಳ್ಳುವುದೇ ನಾಕಿಂಗ್. ಅದು ಕಂಡ ಕೂಡಲೇ ಎಂಜಿನ್ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದೆ ತಳ್ಳುತ್ತದೆ, ಪವರ್ ಕಡಿಮೆಯಾಗುತ್ತದೆ. ಹಾಗಾಗಿ ಓಟದ ದಿನ 100 ಆಕ್ಟೇನ್ ಹಾಕುವುದು ಒಳ್ಳೆಯ ವಿಮೆ. ಆದರೆ ನಿಮ್ಮ ಮ್ಯಾಪನ್ನೇ 100 ಆಕ್ಟೇನ್‌ಗೆ ಬರೆಸಬೇಡಿ. ಊರಿಗೆ ಹೋಗುವಾಗ ಸಾತಾರಾ, ಕೊಲ್ಹಾಪುರ ದಾಟಿ ಯಾವುದೋ ಬಂಕ್‌ನಲ್ಲಿ ಸಿಕ್ಕಿದ್ದನ್ನು ತುಂಬಿಸಬೇಕಾಗುತ್ತದೆ. ಮ್ಯಾಪ್ 95 ಆಕ್ಟೇನ್‌ಗೆ ಇರಲಿ, ಓಟದ ದಿನ 100 ಹಾಕಿ ಅಂಚು ಉಳಿಸಿಕೊಳ್ಳಿ.

ಗೋವಾದ ಮಾತಿಗೆ ಬರೋಣ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಲೋಣಾವಳಾ 600 ದಾಟಿದೆ. ಇಲ್ಲಿ ಗಾಳಿಯ ಒತ್ತಡ ಶೇ. 6ರಿಂದ 7ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ಗೆ ಇದು ನೇರ ನಷ್ಟ. ಟರ್ಬೊ ಎಂಜಿನ್ ತನಗೆ ಬೇಕಾದ ಒತ್ತಡವನ್ನು ಅಳೆದು ತುಂಬಿಕೊಳ್ಳುತ್ತದೆ, ಟರ್ಬೊ ಸ್ವಲ್ಪ ಜಾಸ್ತಿ ತಿರುಗುತ್ತದೆ ಅಷ್ಟೆ. ಗೋವಾದಲ್ಲಿ ಸ್ವಲ್ಪ ಲಾಭ ಇದ್ದರೂ ಅಲ್ಲಿನ ಸೆಕೆ ಅದನ್ನು ತಿಂದುಹಾಕುತ್ತದೆ. ಅರ್ಧ ಸೆಕೆಂಡ್ ಅನ್ನುವುದು ನಿಮ್ಮ ಕಾರಿಗೆ ಹೊಂದುವ ಮಾತಲ್ಲ.

ಸರಿ, ಹಾಗಾದರೆ ಏನು ಮಾಡಬೇಕು?

ನಾನು ಮೊದಲು ಕೈ ಹಾಕುವುದು ನಿಮ್ಮ ಮ್ಯಾಪ್‌ಗೆ. ಟಾರ್ಕ್ ಇಳಿಸಿ ಎಂದು ಹೇಳುತ್ತೇನೆ. ಓಟಕ್ಕೆ ಇಳಿಯುವವರಿಗೆ ಟಾರ್ಕ್ ಇಳಿಸಿ ಅನ್ನುವುದು ವಿಚಿತ್ರ ಅನಿಸಬಹುದು, ಆದರೆ ಲೆಕ್ಕ ನೋಡಿ. ಪವರ್ ಅಂದರೆ ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಾಕಾರ. 5,200 ಆರ್‌ಪಿಎಂನಲ್ಲಿ 220 ಪಿಎಸ್ ಬರಬೇಕಾದರೆ ಬೇಕಿರುವುದು ಸುಮಾರು 297 ಎನ್‌ಎಂ. 6,000ದಲ್ಲಿ ಅದೇ 220 ಪಿಎಸ್‌ಗೆ 257 ಎನ್‌ಎಂ ಸಾಕು. ಹಾಗಾದರೆ ನಿಮ್ಮ ಶೀಟಿನ 350 ಎನ್‌ಎಂ ಎಲ್ಲಿದೆ? 2,000ದಿಂದ 3,500ರ ನಡುವೆ. ಕಾಲು ಮೈಲಿ ಓಟದಲ್ಲಿ ಹೊರಟ ಮೇಲೆ ಡಿಎಸ್‌ಜಿ ಎಂಜಿನ್ನನ್ನು 3,500ಕ್ಕಿಂತ ಕೆಳಗೆ ಬಿಡುವುದೇ ಇಲ್ಲ. ಅಂದರೆ ಆ 350 ಎನ್‌ಎಂ ನಿಮ್ಮ ಓಟಕ್ಕೆ ಬಳಕೆಯಾಗುತ್ತಿಲ್ಲ. ಸ್ಟಾರ್ಟ್‌ನಲ್ಲಿ ಟೈರ್ ಜಾರಿಸುವುದಕ್ಕೆ, ಕ್ಲಚ್ ಸುಡುವುದಕ್ಕೆ ಬಳಕೆಯಾಗುತ್ತಿದೆ.

ಕೆಳಗಿನ ಆರ್‌ಪಿಎಂನ ಆ ಟಾರ್ಕ್‌ನಿಂದ ಇನ್ನೊಂದು ಅಪಾಯ ಇದೆ. ಹೆಂಡತಿ, ಮಗಳು, ಲಗೇಜ್, ಎಸಿ ಎಲ್ಲ ಇಟ್ಟುಕೊಂಡು ಖಂಬಾಟ್ಕಿ ಘಾಟ್ ಹತ್ತುತ್ತೀರಿ. ಡಿಎಸ್‌ಜಿ ಮೈಲೇಜ್ ಉಳಿಸಲು ಮೇಲಿನ ಗೇರಿನಲ್ಲೇ ಇರುತ್ತದೆ, ಎಂಜಿನ್ 1,800ರಲ್ಲಿ ತಿರುಗುತ್ತಿರುತ್ತದೆ, ನೀವು ಆಕ್ಸಿಲರೇಟರ್ ಒತ್ತುತ್ತೀರಿ. ನೇರವಾಗಿ ಸಿಲಿಂಡರ್ ಒಳಗೆ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂ, ತುಂಬಾ ಲೋಡ್ ಇರುವ ಈ ಹೊತ್ತಿನಲ್ಲೇ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಸಂಭವ ಇರುತ್ತದೆ. ಇದು ಸಾಮಾನ್ಯ ನಾಕಿಂಗ್‌ಗಿಂತ ಬಹಳ ಕೆಟ್ಟದ್ದು, ಒಂದೇ ಸಲಕ್ಕೆ ಪಿಸ್ಟನ್ ಒಡೆಯಬಲ್ಲದು. ಓಟದ ದಿನಕ್ಕಿಂತ ನನಗೆ ನಿಮ್ಮ ಊರಿನ ಪ್ರಯಾಣದ್ದೇ ಜಾಸ್ತಿ ಚಿಂತೆ. ಘಾಟ್‌ನಲ್ಲಿ ಎಸ್ (ಸ್ಪೋರ್ಟ್) ಮೋಡ್‌ಗೆ ಹಾಕಿ, ಇಲ್ಲವೇ ಕೈಯಿಂದ ಒಂದು ಗೇರ್ ಇಳಿಸಿ.

ಆದ್ದರಿಂದ ಮ್ಯಾಪ್ ಬರೆದವರ ಬಳಿ ಹೋಗಿ ಇಷ್ಟು ಕೇಳಿ. 3,000ದವರೆಗೆ ಟಾರ್ಕ್ ಸ್ಟಾಕ್‌ನ ಹತ್ತಿರವೇ ಇರಲಿ. ಆಮೇಲೆ ನಿಧಾನವಾಗಿ ಏರಿ 300ರಲ್ಲಿ ನಿಲ್ಲಲಿ. ಆ 300ನ್ನು ಆದಷ್ಟು ಮೇಲಿನವರೆಗೆ ಹಿಡಿದಿಡಲಿ. ಒಂದು ಮತ್ತು ಎರಡನೇ ಗೇರಿನಲ್ಲಿ ಬೇರೆಯಾಗಿ ಇನ್ನೂ ಕಡಿಮೆ ಇರಲಿ. ಗೇರಿಗೆ ತಕ್ಕಂತೆ ಮಿತಿ ಇಡುವುದು ಈ ಕಂಪ್ಯೂಟರ್‌ನಲ್ಲಿ ಸಾಧ್ಯ. ಡೈನೊ ಶೀಟ್‌ನಲ್ಲಿ 350ರ ಬದಲು 300 ಕಾಣುತ್ತದೆ, ಗೆಳೆಯರಿಗೆ ತೋರಿಸಲು ಅಷ್ಟು ಚೆನ್ನಾಗಿರುವುದಿಲ್ಲ. ಟ್ರ್ಯಾಪ್ ಸ್ಪೀಡ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ 300 ಅಂದರೆ ಕಂಪನಿಯ ಮಿತಿಗಿಂತ ಮೇಲೇ. ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಇದನ್ನು ತಿಳಿದೇ ಮುಂದುವರಿಯಿರಿ.

ಎರಡನೆಯದು ಟೈರ್. ನಿಮ್ಮ ಕಾರಿಗೆ 205 ಅಗಲದ ಟೈರ್ ಬಂದಿತ್ತು. ಈಗಲೂ ಮೊದಲ ಸೆಟ್ ಇದ್ದರೆ ಅದರ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2018ರ ರಬ್ಬರ್ ಈಗ ಗಟ್ಟಿಯಾಗಿರುತ್ತದೆ, ಎಳೆ (ಟ್ರೆಡ್) ಎಷ್ಟೇ ಉಳಿದಿದ್ದರೂ ಹಿಡಿತ ಇರುವುದಿಲ್ಲ. ಒಳ್ಳೆಯ, ಮೃದು ರಬ್ಬರ್‌ನ 225 ಅಗಲದ ರಸ್ತೆ ಟೈರ್ ಹಾಕಿಸಿ. ನಿಮ್ಮ ಹಣದಲ್ಲಿ ಅತಿ ಹೆಚ್ಚು ಟೈಮ್ ಕೊಡುವುದು ಇದೇ. ಮಳೆಯಲ್ಲಿ ಬ್ರೇಕ್ ಹಿಡಿಯುವಾಗಲೂ ಇದೇ ಕಾಪಾಡುತ್ತದೆ. ರೇಸ್‌ಗೆಂದೇ ಬರುವ ಸೆಮಿ ಸ್ಲಿಕ್ ಟೈರ್ ನಿಮಗೆ ಬೇಡ. ಅದು ಬಿಸಿಯಾದರೆ ಮಾತ್ರ ಹಿಡಿಯುತ್ತದೆ, ಮಳೆಗಾಲದಲ್ಲಿ ಅಪಾಯ. ಇನ್ನೊಂದು ವಿಷಯ ಇದೆ. ಟೈರ್ ಜಾರದೆ ಹಿಡಿದುಕೊಂಡರೆ ಆ ಪೆಟ್ಟೆಲ್ಲ ಕ್ಲಚ್‌ಗೆ ಹೋಗುತ್ತದೆ. ಇಷ್ಟು ದಿನ ಜಾರುವ ಟೈರ್ ನಿಮ್ಮ ಗೇರ್‌ಬಾಕ್ಸನ್ನು ಸ್ವಲ್ಪ ಕಾಪಾಡಿದೆ. ಅದಕ್ಕೇ ನಾನು ಮ್ಯಾಪ್ ಮೊದಲು, ಟೈರ್ ಆಮೇಲೆ ಅಂದಿದ್ದು. ಈ ಕ್ರಮ ಬದಲಿಸಬೇಡಿ.

ಟೈರ್ ಗಾಳಿಯಲ್ಲಿ ಆಟ ಆಡಬಹುದು, ಖರ್ಚಿಲ್ಲ. ಓಟಕ್ಕೆ ಮುಂದೆ 28, ಹಿಂದೆ 36 ಪಿಎಸ್‌ಐ ಇಟ್ಟು ಶುರು ಮಾಡಿ. ಮುಂದೆ 26ಕ್ಕಿಂತ ಕೆಳಗೆ ಹೋಗಬೇಡಿ, ಕೊನೆಯಲ್ಲಿ 150 ದಾಟಿದ ವೇಗದಲ್ಲಿ ಕಾರು ಅಲ್ಲಾಡುತ್ತದೆ. ವಾಪಸ್ ಹೊರಡುವ ಮೊದಲು ಮತ್ತೆ ಸರಿಯಾದ ಮಟ್ಟಕ್ಕೆ ತುಂಬಿಸಿ. ಚಿಕ್ಕ ಕಂಪ್ರೆಸರ್ ಜೊತೆಯಲ್ಲಿ ಇರಲಿ.

ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಕೆಳಗಿನಿಂದ ಹಿಡಿದಿಡುವ ಒಂದು ಮೌಂಟ್ ಇದೆ, ಡಾಗ್‌ಬೋನ್ ಮೌಂಟ್ ಅನ್ನುತ್ತೇವೆ. ಅದರ ರಬ್ಬರ್ ಸಡಿಲವಾದರೆ ಸ್ಟಾರ್ಟ್‌ನಲ್ಲಿ ಮುಂದಿನ ಚಕ್ರ ಕುಪ್ಪಳಿಸುತ್ತದೆ. ಅದಕ್ಕೊಂದು ಗಟ್ಟಿ ಬುಷ್ ಸಿಗುತ್ತದೆ, ಬೆಲೆ ಕಡಿಮೆ. ಸ್ವಲ್ಪ ನಡುಕ ಒಳಗೆ ಬರುತ್ತದೆ, ಮನೆಯವರು ಕೇಳಿಯೇ ಕೇಳುತ್ತಾರೆ.

ಮೂರನೆಯದು ಗಾಳಿಯ ಬಿಸಿ. ನಿಮ್ಮ ಎರಡನೇ ಓಟದ ಟೈಮ್ 15.5ಕ್ಕೆ ಏರಲು ಇದು ಮುಖ್ಯ ಕಾರಣ. ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಇಂಟರ್‌ಕೂಲರ್ ಅದನ್ನು ತಣಿಸಬೇಕು. ನಿಮ್ಮ ಕಾರಿನಲ್ಲಿ ಇಂಟರ್‌ಕೂಲರ್ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಕ್ಕಿಕೊಂಡಿದೆ. ಕಾರು ನಿಂತರೆ ಎರಡೂ ಕಡೆಯ ಬಿಸಿ ಅದಕ್ಕೆ ತಟ್ಟುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ. 30 ಡಿಗ್ರಿ ಏರಿದರೆ ಲೆಕ್ಕ ನೀವೇ ಹಾಕಿ. ಅದರ ಮೇಲೆ ಕಂಪ್ಯೂಟರ್ ಕಿಡಿಯ ಸಮಯವನ್ನೂ ಹಿಂದೆ ತಳ್ಳುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿಸುವುದು ಒಳ್ಳೆಯ ಖರ್ಚು, ಘಾಟ್‌ನಲ್ಲೂ ಉಪಯೋಗ. ಆದರೆ ಮೊದಲು ಬಿಟ್ಟಿ ಉಪಾಯ ಮಾಡಿ ನೋಡಿ. ಸಾಲಿನಲ್ಲಿ ಎಸಿ ಆರಿಸಿ, ಬಾನೆಟ್ ಎತ್ತಿಡಿ. ಎರಡು ಓಟಗಳ ನಡುವೆ ಅರ್ಧ ಗಂಟೆ ಬಿಡಿ. ಬೆಳಿಗ್ಗೆ ಬೇಗ ಓಡಿಸಲು ಅವಕಾಶ ಸಿಕ್ಕರೆ ಬಿಡಬೇಡಿ. ಒಳಗೆ ಬರುವ ಗಾಳಿಯ ಬಿಸಿಯನ್ನು ಕಾರಿನ ಕಂಪ್ಯೂಟರ್ ಓದುವ ಒಬಿಡಿ ರೀಡರ್‌ನಿಂದ ಮೊಬೈಲ್‌ನಲ್ಲೇ ನೋಡಬಹುದು.

ತೂಕದ ವಿಷಯ ಸುಲಭ. ಸುಮಾರು 45 ಕೆಜಿ ಇಳಿದರೆ 0.1 ಸೆಕೆಂಡ್ ಉಳಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ಓಟದ ಜಾಗಕ್ಕೆ ಹೋದ ಮೇಲೆ ಸ್ಟೆಪ್ನಿ, ಜಾಕ್, ಮಗುವಿನ ಸೀಟು, ಡಿಕ್ಕಿಯ ಸಾಮಾನು ಎಲ್ಲ ಇಳಿಸಿ. ಟ್ಯಾಂಕ್‌ನಲ್ಲಿ 15 ಲೀಟರ್ ಇದ್ದರೆ ಸಾಕು. ಇವೆಲ್ಲ ಕಾರಿನ ಹಿಂಭಾಗದ ತೂಕ, ಇಳಿಸಿದರೆ ಮುಂದಿನ ಟೈರ್‌ನ ಪಾಲು ಏರುತ್ತದೆ.

ಸ್ಟಾರ್ಟ್ ಮಾಡುವ ರೀತಿಯೂ ಬದಲಾಗಬೇಕು. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒತ್ತಿ, ಒಮ್ಮೆಲೇ ಬ್ರೇಕ್ ಬಿಡುವುದನ್ನು ನಿಲ್ಲಿಸಿ. ಬಿಟ್ಟ ಕ್ಷಣದಲ್ಲಿ ಆ ಒಣ ಕ್ಲಚ್ ಜಾರುತ್ತಾ ಎಂಜಿನ್ನನ್ನು ಹಿಡಿಯಬೇಕು, ಅತಿ ಹೆಚ್ಚು ಬಿಸಿ ಹುಟ್ಟುವುದು ಆಗಲೇ. ಎಸ್ ಮೋಡ್‌ನಲ್ಲಿ ಹಗುರವಾಗಿ ಹೊರಡಿ. ಕಾರು ಒಂದು ಅಡಿ ಸರಿದು ಕ್ಲಚ್ ಹಿಡಿದ ಮೇಲೆ ಕಾಲನ್ನು ಬೇಗ, ಆದರೆ ಒಂದೇ ಸಮನೆ ಒತ್ತುತ್ತಾ ಹೋಗಿ. ಟ್ರ್ಯಾಕ್ಷನ್ ಕಂಟ್ರೋಲ್ ಇಟ್ಟು ಒಂದು ಓಟ, ತೆಗೆದು ಒಂದು ಓಟ ಮಾಡಿ, 60 ಅಡಿಯ ಅಂಕಿ ಹೋಲಿಸಿ. ಸಿಗ್ನಲ್ ಬಿದ್ದ ಮೇಲೆ ನಿಧಾನವಾಗಿ ಹೊರಟರೆ ಟೈಮ್ ಕೆಡುತ್ತದೆ ಅಂತ ಗಾಬರಿ ಬೇಡ. ನಿಮ್ಮ ಟೈಮ್ ಶುರುವಾಗುವುದು ಚಕ್ರ ಗೆರೆ ಬಿಟ್ಟಾಗ. ರಿಯಾಕ್ಷನ್ ಟೈಮ್ ಪಕ್ಕದವರನ್ನು ಸೋಲಿಸಲು ಬೇಕು, ನಿಮ್ಮ ಕಾಲು ಮೈಲಿಯ ಟೈಮ್‌ಗೆ ಅದು ಸೇರುವುದಿಲ್ಲ. ಇಲ್ಲಿ ಓಟ ನಡೆಯುವುದು ವಿಮಾನದ ರನ್‌ವೇ ಮೇಲೆ, ಧೂಳು ಇರುತ್ತದೆ. ಸಾಲಿನ ಮುಂದೆ ನೀರು ಚೆಲ್ಲಿದ್ದರೆ ಅದರ ಮೇಲೆ ಹೋಗಬೇಡಿ, ಪಕ್ಕದಿಂದ ಹೋಗಿ. ರಸ್ತೆ ಟೈರ್‌ನ ಎಳೆಗಳು ಆ ನೀರನ್ನು ಗೆರೆಯವರೆಗೆ ಹೊತ್ತು ತರುತ್ತವೆ. ಬರ್ನೌಟ್ (ನಿಂತಲ್ಲೇ ಟೈರ್ ತಿರುಗಿಸಿ ಬಿಸಿ ಮಾಡುವುದು) ಅಂತೂ ಬೇಡವೇ ಬೇಡ.

ಇಷ್ಟೂ ಸರಿಯಾದರೆ 60 ಅಡಿ 2.25ರ ಹತ್ತಿರ ಬರಬೇಕು. ಕಾಲು ಮೈಲಿ 14.5ರಿಂದ 14.7. 14ರ ಒಳಗೆ ಈ ಗೇರ್‌ಬಾಕ್ಸ್ ಇಟ್ಟುಕೊಂಡು ಹೋಗಿ ಅಂತ ನಾನು ಹೇಳಲಾರೆ. ಯಾರಾದರೂ ಒಂದು ಸಲ ಮಾಡಿ ತೋರಿಸಬಹುದು. ಅದೇ ಕಾರಿನಲ್ಲಿ ಮರುದಿನ ದಾವಣಗೆರೆಗೆ ಹೋಗುವ ಧೈರ್ಯ ನನಗಿಲ್ಲ. 14ರ ಒಳಗೇ ಬರಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಎರಡು ಲಕ್ಷವನ್ನು ಹಾಗೇ ಇಟ್ಟು, ಇದನ್ನು ಮಾರಿ, ಬಳಸಿದ ಆಕ್ಟೇವಿಯಾ ಆರ್‌ಎಸ್ ಹುಡುಕಿ. 2017ರಲ್ಲಿ ಬಂದ ಆರ್‌ಎಸ್ 230ರಲ್ಲಿ 350 ಎನ್‌ಎಂ ಇದೆ, ಒದ್ದೆ ಕ್ಲಚ್‌ನ 6 ಗೇರಿನ ಡಿಎಸ್‌ಜಿ ಇದೆ. 2020ರ ಆರ್‌ಎಸ್ 245ರಲ್ಲಿ 370 ಎನ್‌ಎಂ ಮತ್ತು ಒದ್ದೆ ಕ್ಲಚ್‌ನ 7 ಗೇರ್. ನಿಮ್ಮ ಕಾರಿಗೆ ಒದ್ದೆ ಡಿಎಸ್‌ಜಿ ಕೂರಿಸುವ ಯೋಚನೆ ಬೇಡ. ಗೇರ್‌ಬಾಕ್ಸ್, ಕಂಪ್ಯೂಟರ್, ಕೂಲಿಂಗ್ ಎಲ್ಲ ಬದಲಾಗಬೇಕು, ಖರ್ಚಿಗೆ ಕೊನೆ ಇರುವುದಿಲ್ಲ.

ಹಣದ ಮಾತು. ಮ್ಯಾಪ್ ತಿದ್ದುವುದು, ಟೈರ್, ಇಂಟರ್‌ಕೂಲರ್, ಮೌಂಟ್ ಬುಷ್, ಹೊಸ ಸ್ಪಾರ್ಕ್ ಪ್ಲಗ್. ಇಷ್ಟಕ್ಕೆ ಖರ್ಚು ಮಾಡಿ, ಉಳಿದದ್ದನ್ನು ಕ್ಲಚ್‌ಗಾಗಿ ಎತ್ತಿಡಿ. ಮುಟ್ಟಲೇಬೇಡಿ. ಕ್ಲಚ್ ಸೆಟ್ ಮತ್ತು ಮೆಕಾಟ್ರಾನಿಕ್ (ಗೇರ್ ಬದಲಿಸುವ ಕಂಪ್ಯೂಟರ್ ಘಟಕ) ಎರಡೂ ಒಟ್ಟಿಗೆ ಕೈಕೊಟ್ಟರೆ ಎರಡು ಲಕ್ಷ ಪೂರ್ತಿ ಅಲ್ಲೇ ಮುಗಿಯಬಹುದು. ಪ್ಲಗ್ ಹಾಕಿಸುವಾಗಲೇ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಹೌಸಿಂಗ್ ನೋಡಿಸಿ. ಈ ಎಂಜಿನ್‌ನಲ್ಲಿ ಅದು ಸೋರುವುದು ಗೊತ್ತಿರುವ ತೊಂದರೆ. ಕೂಲೆಂಟ್ ಕಡಿಮೆಯಾಗಿ ಓಟಕ್ಕೆ ಇಳಿದರೆ ಹೆಡ್ ಹೋಗುತ್ತದೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷ ದಾಟಿದ್ದರೆ ಬದಲಿಸಿ.

ಕಾನೂನು ಮತ್ತು ವಿಮೆಯ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಗಳಿಗಿಂತ ಬೇರೆಯಾಗಿ ಕಾರನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹೇಳಿದೆ. ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಂಪನಿಯ ಸರ್ವಿಸ್ ಸೆಂಟರ್‌ನ ಕಂಪ್ಯೂಟರ್‌ಗೆ ಕಾಣುತ್ತದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಇದ್ದರೆ ಅಪಘಾತದ ಕ್ಲೇಮ್‌ಗೆ ತಕರಾರು ಬರಬಹುದು. ಇನ್ನು ನಮ್ಮ ಸಾಮಾನ್ಯ ಕಾರು ಪಾಲಿಸಿಗಳಲ್ಲಿ ರೇಸಿಂಗ್ ಮತ್ತು ವೇಗದ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಅಂದರೆ ಏರ್‌ಸ್ಟ್ರಿಪ್‌ನಲ್ಲಿ ಏನಾದರೂ ಆದರೆ ಖರ್ಚು ಪೂರ್ತಿ ನಿಮ್ಮದೇ. ಪಾಲಿಸಿ ತೆಗೆದು ಆ ಸಾಲು ಓದಿ, ಮನೆಯಲ್ಲೂ ಹೇಳಿ.

ಹೊಸ ಮ್ಯಾಪ್ ಹಾಕಿದ ಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಸಲ ನೋಡಿಬಿಡೋಣ ಅನಿಸುತ್ತದೆ. ಬೇಡ. ಅಲ್ಲಿ ಕಾರಿಗೆ ಮಿತಿ 100 ಕಿ.ಮೀ., ಕ್ಯಾಮೆರಾ ಇವೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ದಂಡಕ್ಕಿಂತ, ಅಲ್ಲಿ ಬೇರೆಯವರ ಮಕ್ಕಳೂ ಕಾರಿನಲ್ಲಿ ಇರುತ್ತಾರೆ. ಮ್ಯಾಪನ್ನು ಡೈನೊ ಮೇಲೆ ಪರೀಕ್ಷಿಸಿ, ಉಳಿದದ್ದನ್ನು ಏರ್‌ಸ್ಟ್ರಿಪ್‌ಗೆ ಬಿಡಿ. ಹೆಲ್ಮೆಟ್ ನಿಮ್ಮದೇ ಇರಲಿ, ಅಳತೆಗೆ ಸರಿಯಾದದ್ದು.

ಗೇರ್‌ಬಾಕ್ಸ್ ದಾಖಲೆ ಓದಿಸಿದ ಮೇಲೆ ಅದರ ಪ್ರಿಂಟ್ ತೆಗೆದು ಕಳಿಸಿ, ಎರಡೂ ಕ್ಲಚ್‌ನ ಅಂಕಿಗಳು ಅದರಲ್ಲಿ ಇರಲಿ. ಜಿಪಿಎಸ್ ಡಬ್ಬಿಯಲ್ಲಿ ಒಂದು ಅಡಿ ರೋಲ್‌ಔಟ್ ಎಂಬ ಆಯ್ಕೆ ಇದೆ, ಅಂದರೆ ಕಾರು ಒಂದು ಅಡಿ ಸರಿದ ಮೇಲೆ ಟೈಮ್ ಎಣಿಸಲು ಶುರು ಮಾಡುವುದು. ಅದು ಹಾಕಿತ್ತಾ, ತೆಗೆದಿತ್ತಾ ಅಂತಲೂ ಬರೆಯಿರಿ. ಅದೊಂದರಿಂದಲೇ 0.2ರಿಂದ 0.3 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಆಮೇಲೆ 300 ಎನ್‌ಎಂ ಸರಿಯೋ, ಇನ್ನೂ ಇಳಿಸಬೇಕೋ ಹೇಳುತ್ತೇನೆ.